ಸಾಲ ತೀರಿದರೆ ಸಾಲದು, ಬರೆದಿಡಬೇಕು

(ಪೀಣ್ಯ ಕೈಗಾರಿಕಾ ಪ್ರದೇಶದ ಮಸೀದಿಯೊಂದರಲ್ಲಿ ಕನ್ನಡದಲ್ಲಿ ನೀಡಲಾದ ಜುಮಾ ಪ್ರವಚನದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಹಾಬಿಗಳ ಮೇಲೆ ಅವನ ಕೃಪೆ ಹಾಗೂ ಶಾಂತಿ ಸದಾ ಇರಲಿ.



ನಮ್ಮ ಈ ಭಾಗದಲ್ಲಿ ತಿಂಗಳ ಮೊದಲ ವಾರವೆಂದರೆ ಸಂಬಳದ ವಾರ. ಮನೆ ಬಾಡಿಗೆ, ರೇಷನ್, ಮಕ್ಕಳ ಫೀಸು, ಊರಿನಲ್ಲಿರುವ ತಾಯಿಗೆ ಕಳಿಸುವ ಹಣ ಎಲ್ಲವೂ ಆ ವಾರದಲ್ಲೇ ಹೊರಡಬೇಕು. ಅಂಥ ಒಂದು ದಿನ ಎಟಿಎಂಗೆ ಕಾರ್ಡು ಹಾಕಿದರೆ ಹಣ ಬರುವುದಿಲ್ಲ. ಖಾತೆಯಲ್ಲಿ ಮೊತ್ತ ಕಾಣುತ್ತದೆ, ತೆಗೆಯಲು ಆಗುವುದಿಲ್ಲ. ಶಾಖೆಗೆ ಹೋಗಿ ಕೇಳಿದರೆ 'ಕೋರ್ಟ್ ಆರ್ಡರ್ ಬಂದಿದೆ, ನಾವೇನೂ ಮಾಡುವಂತಿಲ್ಲ' ಎನ್ನುತ್ತಾರೆ. ಯಾವ ಕೋರ್ಟು, ಯಾವ ಕೇಸು ಎಂದು ವಿಚಾರಿಸಿದರೆ ಎಂಟು ಹತ್ತು ವರ್ಷ ಹಿಂದಿನ ಸಾಲವೊಂದರ ತೀರ್ಪು. ಕೆಲವರಿಗೆ ಅದು ಮರೆತೇ ಹೋದ ಸಾಲ. ಕೆಲವರಿಗೆ ಗೆಳೆಯನಿಗಾಗಿ ಹಾಕಿದ ಜಾಮೀನು ಸಹಿ. ಇನ್ನು ಕೆಲವರಿಗೆ, ಅಂದೇ ತೀರಿಸಿ ಮುಗಿಸಿದ ಸಾಲ.

ಪೀಣ್ಯದ ವರ್ಕ್‌ಶಾಪುಗಳಲ್ಲಿ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿ, ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಸಹೋದರರಲ್ಲಿ ಇಂಥ ಸಂಕಟಕ್ಕೆ ಸಿಕ್ಕವರು ಇದ್ದಾರೆ. ಮಾನ ಹೋಗುತ್ತದೆಂದು ಹೆಚ್ಚಿನವರು ಯಾರಿಗೂ ಹೇಳುವುದಿಲ್ಲ. ಆದ್ದರಿಂದ ಇಂದು ಈ ವಿಷಯವನ್ನು ಬಿಡಿಸಿ ಹೇಳುತ್ತೇವೆ. ಇದು ಬರೇ ಬ್ಯಾಂಕಿನ ವಿಷಯವಲ್ಲ. ಮನುಷ್ಯರ ಹಕ್ಕಿನ, ಅಮಾನತಿನ, ನಾಳೆ ಅಲ್ಲಾಹನ ಮುಂದೆ ಕೊಡಬೇಕಾದ ಲೆಕ್ಕದ ವಿಷಯ.

ಮೊದಲು ತಿಳಿಯಬೇಕಾದದ್ದು

ಖಾತೆ ನಿಲ್ಲಲು ಹಲವು ಕಾರಣಗಳಿರುತ್ತವೆ. ಸೈಬರ್ ದೂರಿನ ಮೇಲೆ ಪೊಲೀಸರು ನಿಲ್ಲಿಸಬಹುದು. ತೆರಿಗೆ ಇಲಾಖೆ ನಿಲ್ಲಿಸಬಹುದು. ಸಿವಿಲ್ ನ್ಯಾಯಾಲಯ ಜಪ್ತಿ ಮಾಡಬಹುದು. ಮೂರಕ್ಕೂ ದಾರಿ ಬೇರೆ ಬೇರೆ. ಆದ್ದರಿಂದ ಸಿಕ್ಕವರ ಮಾತು ಕೇಳಿ ಓಡಾಡುವ ಮೊದಲು, ಶಾಖೆಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಆದೇಶದ ಪ್ರತಿ ಕೇಳಬೇಕು. ಅದರಲ್ಲಿ ನ್ಯಾಯಾಲಯದ ಹೆಸರು, ಪ್ರಕರಣದ ಸಂಖ್ಯೆ, ಹಣ ಕೇಳುತ್ತಿರುವವರ ಹೆಸರು, ಮೊತ್ತ, ತಾರೀಖು ಇರುತ್ತವೆ. ಪ್ರಕರಣದ ಸಂಖ್ಯೆ ಸಿಕ್ಕರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ದುಡ್ಡಿಲ್ಲದೆ ಅದರ ಸ್ಥಿತಿ ನೋಡಬಹುದು. ಅದು ಸಿಟಿ ಸಿವಿಲ್ ಕೋರ್ಟಿನದೋ ಆನೇಕಲ್, ಹೊಸಕೋಟೆ, ನೆಲಮಂಗಲದ ಕೋರ್ಟಿನದೋ ಎಂಬುದೂ ತಿಳಿಯುತ್ತದೆ. ಯಾರೋ ಫೋನ್ ಮಾಡಿ 'ಕೋರ್ಟಿನಿಂದ ಮಾತಾಡುತ್ತಿದ್ದೇವೆ, ಈ ನಂಬರಿಗೆ ಹಣ ಹಾಕಿ' ಎಂದರೆ ಅದು ಮೋಸ. ನ್ಯಾಯಾಲಯ ಹಾಗೆ ಹಣ ಕೇಳುವುದಿಲ್ಲ.

ಸಿವಿಲ್ ಜಪ್ತಿ ನಡೆಯುವ ಕ್ರಮ ಹೀಗೆ. ಸಾಲ ಕೊಟ್ಟವರು ದಾವೆ ಹೂಡಿ ಗೆದ್ದರೆ ಡಿಕ್ರಿ ಸಿಗುತ್ತದೆ. ಹಣ ಬಾರದಿದ್ದರೆ ಅವರು ಜಾರಿ ಅರ್ಜಿ ಹಾಕುತ್ತಾರೆ. ನಾವು ಬ್ಯಾಂಕಿನಲ್ಲಿ ಇಟ್ಟ ಹಣ ಕಾನೂನಿನ ಕಣ್ಣಿಗೆ ಬ್ಯಾಂಕು ನಮಗೆ ಕೊಡಬೇಕಾದ ಸಾಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದಡಿ ನ್ಯಾಯಾಲಯ ಬ್ಯಾಂಕಿಗೆ 'ಈ ಹಣವನ್ನು ಖಾತೆದಾರನಿಗೆ ಕೊಡಬೇಡಿ' ಎಂದು ತಡೆ ಹಾಕುತ್ತದೆ. ಆಮೇಲೆ ಆ ಹಣವನ್ನು ನ್ಯಾಯಾಲಯಕ್ಕೆ ಕಟ್ಟಿಸಿಕೊಳ್ಳುತ್ತದೆ. ತಡೆ ಬಿದ್ದ ದಿನಕ್ಕೂ ಹಣ ಹೋಗುವ ದಿನಕ್ಕೂ ನಡುವೆ ಸ್ವಲ್ಪ ಸಮಯವಿರುತ್ತದೆ. ನಮ್ಮ ಮಾತು ಹೇಳಿಕೊಳ್ಳಲು ಇರುವುದು ಆ ಸಮಯ. ನಾಚಿಕೆಯಿಂದ ಮನೆಯಲ್ಲಿ ಕುಳಿತವರು ಅದನ್ನು ಕಳೆದುಕೊಳ್ಳುತ್ತಾರೆ.

ಹಳೆಯ ಕಡತ ಈಗೇಕೆ ಎದ್ದಿತು?

'ಇಷ್ಟು ವರ್ಷ ಸುಮ್ಮನಿದ್ದು ಈಗ ಯಾಕೆ?' ಎಂದು ಕೇಳುವವರಿದ್ದಾರೆ. ಹಣದ ಡಿಕ್ರಿಯನ್ನು ಜಾರಿ ಮಾಡಿಸಲು 1963ರ ಕಾಲಮಿತಿ ಕಾಯ್ದೆ ಕೊಡುವ ಅವಧಿ 12 ವರ್ಷ. ಹನ್ನೊಂದನೆಯ ವರ್ಷದಲ್ಲಿ ಬಂದರೂ ಅರ್ಜಿ ಊರ್ಜಿತ. ಅಷ್ಟರಲ್ಲಿ ಬಡ್ಡಿ ಸೇರಿರುತ್ತದೆ. ಒಂದು ಲಕ್ಷದ ಡಿಕ್ರಿಗೆ ವರ್ಷಕ್ಕೆ ಶೇ. 6ರಂತೆ ಹನ್ನೊಂದು ವರ್ಷಕ್ಕೆ 66 ಸಾವಿರ ಬಡ್ಡಿಯಾಗುತ್ತದೆ. ವ್ಯಾಪಾರದ ಸಾಲವಾದರೆ ದರ ಇನ್ನೂ ಹೆಚ್ಚಿರಬಹುದು.

ಗೆದ್ದವನಿಗೂ ನಮ್ಮ ದೇಶದಲ್ಲಿ ಹಣ ಬೇಗ ಸಿಗುವುದಿಲ್ಲ. ಬೆಂಗಳೂರಿನ ಮೈಸೂರು ರಸ್ತೆ ಬದಿಯ ಜಮೀನೊಂದರ ವ್ಯಾಜ್ಯ 1980ರ ದಶಕದಿಂದ ಎಳೆದಾಡಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ರಾಹುಲ್ ಶಾ ಪ್ರಕರಣವೆಂದು ವಕೀಲರು ಹೇಳುವುದು ಇದನ್ನೇ. ಅದರಲ್ಲಿ 2021ರ ಏಪ್ರಿಲ್ 22ರಂದು ಮುಖ್ಯ ನ್ಯಾಯಮೂರ್ತಿ ಎಸ್.ಎ. ಬೋಬ್ಡೆ ಅವರಿದ್ದ ಪೀಠ ತೀರ್ಪು ನೀಡಿ, ಜಾರಿ ಅರ್ಜಿಗಳನ್ನು ಸಲ್ಲಿಸಿದ ಆರು ತಿಂಗಳೊಳಗೆ ಮುಗಿಸಬೇಕೆಂದು ದೇಶದ ಎಲ್ಲ ಜಾರಿ ನ್ಯಾಯಾಲಯಗಳಿಗೆ ಸೂಚಿಸಿತು. ತಡವಾದರೆ ಕಾರಣವನ್ನು ಬರೆದಿಡಬೇಕು. ಧೂಳು ಹಿಡಿದ ಕಡತಗಳು ಇನ್ನು ಮುಂದೆ ಹೆಚ್ಚು ಹೆಚ್ಚಾಗಿ ಮೇಜಿನ ಮೇಲೆ ಬರುತ್ತವೆ ಎಂದೇ ನಾವು ತಿಳಿಯಬೇಕು.

ಇನ್ನೊಂದು ಕಾರಣ ನಮ್ಮ ಬದುಕಿನಲ್ಲೇ ಇದೆ. ಸಾಲ ಪಡೆಯುವಾಗ ಪೀಣ್ಯ ಎರಡನೇ ಹಂತದ ಬಾಡಿಗೆ ಮನೆಯ ವಿಳಾಸ ಕೊಟ್ಟಿರುತ್ತೇವೆ. ಬಾಡಿಗೆ ಏರಿದರೆ ನೆಲಮಂಗಲದ ಕಡೆ ಹೋಗುತ್ತೇವೆ. ಕಾಡುಗೋಡಿಯವರು ಹೊಸಕೋಟೆಗೆ, ಹೆಬ್ಬಗೋಡಿಯವರು ಚಂದಾಪುರಕ್ಕೆ ಹೋಗುತ್ತಾರೆ. ಸಮನ್ಸು ಹಳೆಯ ಬಾಗಿಲಿಗೆ ಹೋಗಿ ಅಂಟಿಕೊಳ್ಳುತ್ತದೆ. ನಾವು ಹಾಜರಾಗದ ಕಾರಣ ಏಕಪಕ್ಷೀಯ ತೀರ್ಪಾಗುತ್ತದೆ. ಬಾಗಿಲು ಬದಲಾದರೂ ಪ್ಯಾನ್ ಮತ್ತು ಬ್ಯಾಂಕ್ ಖಾತೆ ಬದಲಾಗುವುದಿಲ್ಲ. ಕೊನೆಗೆ ಕಡತ ನಮ್ಮನ್ನು ಅಲ್ಲಿ ಹುಡುಕುತ್ತದೆ.

ಕೇಳಿಕೊಳ್ಳಬೇಕಾದ ಪ್ರಶ್ನೆ

ಸಹೋದರರೇ, ಇಂಥ ಸಂದರ್ಭದಲ್ಲಿ ಎಲ್ಲರೂ ಕೇಳುವ ಮೊದಲ ಪ್ರಶ್ನೆ 'ತಪ್ಪಿಸಿಕೊಳ್ಳುವುದು ಹೇಗೆ?' ಎಂಬುದು. ಸತ್ಯವಿಶ್ವಾಸಿ ಕೇಳಬೇಕಾದ ಮೊದಲ ಪ್ರಶ್ನೆ ಬೇರೆ: 'ಇದು ನಾನು ನಿಜವಾಗಿ ಕೊಡಬೇಕಾದ ಹಣವೇ?'

ಪ್ರವಾದಿ(ಸ)ರ ಬಳಿ ಒಬ್ಬ ತನ್ನ ಸಾಲದ ಒಂಟೆಯನ್ನು ಕೇಳಲು ಬಂದು ಒರಟಾಗಿ ಮಾತನಾಡಿದ. ಸಹಾಬಿಗಳು ಸಿಟ್ಟಾದರು. ಪ್ರವಾದಿ(ಸ)ರು ಅವರನ್ನು ತಡೆದರು. ಹಕ್ಕು ಇರುವವನಿಗೆ ಮಾತಾಡುವ ಅಧಿಕಾರವಿದೆ ಎಂದು ತಿಳಿಸಿ, ಅವನದಕ್ಕಿಂತ ಉತ್ತಮ ಒಂಟೆಯನ್ನೇ ಕೊಡಿಸಿದರು. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಈ ಹದೀಸ್ ಇದೆ. ಸಾಲ ಕೊಟ್ಟವನು ನ್ಯಾಯಾಲಯಕ್ಕೆ ಹೋದನೆಂದು ಅವನನ್ನು ಶತ್ರುವಾಗಿ ಕಾಣುವ ಮೊದಲು ಇದನ್ನು ನೆನಪಿಸಿಕೊಳ್ಳೋಣ.

ಆ ಪ್ರಶ್ನೆಗೆ ಪ್ರಾಮಾಣಿಕವಾಗಿ ನಾಲ್ಕು ಉತ್ತರಗಳಿರಬಹುದು. ಒಂದೊಂದಾಗಿ ನೋಡೋಣ.

ಒಂದು: 'ಕೊಡಬೇಕು, ಕೊಡುವ ಶಕ್ತಿಯೂ ಇದೆ'

ಹಾಗಿದ್ದರೆ ಕೊಟ್ಟುಬಿಡಬೇಕು. ಶಕ್ತಿ ಇದ್ದವನು ಸಾಲ ತೀರಿಸಲು ಸತಾಯಿಸುವುದು ಅಕ್ರಮವೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ನೋಟಿಸು ಬಂದ ಕೂಡಲೇ ಖಾತೆ ಖಾಲಿ ಮಾಡುವುದು, ಸೈಟನ್ನು ಹೆಂಡತಿಯ ಹೆಸರಿಗೆ ಬರೆಯುವುದು, ಭಾವನ ಖಾತೆಗೆ ಸಂಬಳ ಹಾಕಿಸಿಕೊಳ್ಳುವುದು ಜಾಣತನವಲ್ಲ. ಸಾಲ ಕೊಟ್ಟವರನ್ನು ವಂಚಿಸಲು ಮಾಡಿದ ವರ್ಗಾವಣೆಯನ್ನು ಕಾನೂನು ರದ್ದು ಮಾಡಬಲ್ಲದು. ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡುವಂತೆ ನ್ಯಾಯಾಲಯ ಆದೇಶಿಸಿಯೂ ಕೊಡದಿದ್ದರೆ ಮೂರು ತಿಂಗಳವರೆಗೆ ಸಿವಿಲ್ ಸೆರೆವಾಸವಿದೆ.

ಇಲ್ಲಿ ಒಂದು ಕಠಿಣ ಪ್ರಶ್ನೆ ಬರುತ್ತದೆ. ಡಿಕ್ರಿಗೆ 12 ವರ್ಷ ದಾಟಿ ಹೋದರೆ? ನ್ಯಾಯಾಲಯ ಅದನ್ನು ಜಾರಿ ಮಾಡುವುದಿಲ್ಲ. ಕಾನೂನು ಕೊಟ್ಟ ಈ ವಾದವನ್ನು ಹೂಡುವ ಅಧಿಕಾರ ನಮಗಿದೆ. ಆದರೆ ಅಸಲು ಕೊಡಬೇಕಾದದ್ದು ನಿಜವೆಂದು ನಮ್ಮ ಮನಸ್ಸಿಗೆ ಗೊತ್ತಿದ್ದರೆ, ಕಾಲಮಿತಿ ಮುಗಿದದ್ದು ನ್ಯಾಯಾಲಯದ ಬಾಗಿಲಿಗೆ ಮಾತ್ರ. ಪ್ರವಾದಿ(ಸ)ರು ತಾವೇ ಕೊಟ್ಟ ತೀರ್ಪಿನ ಬಗ್ಗೆ ಎಚ್ಚರಿಸಿದ್ದರು: ತಾನು ಕೇಳಿದ ವಾದದ ಮೇಲೆ ತೀರ್ಪು ಕೊಡುವ ಮನುಷ್ಯ, ಮಾತಿನ ಬಲದಿಂದ ಒಬ್ಬನು ತನ್ನ ಸಹೋದರನ ಹಕ್ಕನ್ನು ಗೆದ್ದುಕೊಂಡರೆ ಅವನು ಪಡೆದದ್ದು ಬೆಂಕಿಯ ತುಂಡು ಎಂದು. ಉಮ್ಮು ಸಲಮಾ(ರ) ವರದಿ ಮಾಡಿದ ಈ ಹದೀಸ್ ವಕೀಲರ ಕಚೇರಿಯಲ್ಲಿ ಕುಳಿತಾಗಲೂ ನಮ್ಮ ನೆನಪಿನಲ್ಲಿರಲಿ.

ಎರಡು: 'ಕೊಡಬೇಕು, ಆದರೆ ಕೈಯಲ್ಲಿ ಇಲ್ಲ'

ನಮ್ಮಲ್ಲಿ ಹೆಚ್ಚಿನವರ ಉತ್ತರ ಇದೇ. ಕೆಲಸ ಹೋಗಿದೆ, ಜಾಬ್‌ವರ್ಕ್ ನಿಂತಿದೆ, ಮನೆಯಲ್ಲಿ ಕಾಯಿಲೆ ಇದೆ. ಇಂಥವರು ಎದೆಗುಂದಬೇಕಾಗಿಲ್ಲ. ಅಲ್ಲಾಹನು ಅಲ್‌ಬಖರಾ ಅಧ್ಯಾಯದ 280ನೇ ಸೂಕ್ತದಲ್ಲಿ, ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಸಮಯ ಕೊಡಬೇಕೆಂದೂ ಬಿಟ್ಟುಕೊಟ್ಟರೆ ಇನ್ನೂ ಉತ್ತಮವೆಂದೂ ಆದೇಶಿಸಿದ್ದಾನೆ. ಹಣ್ಣಿನ ವ್ಯಾಪಾರದಲ್ಲಿ ನಷ್ಟವಾಗಿ ಸಾಲದಲ್ಲಿ ಮುಳುಗಿದ ಒಬ್ಬರಿಗಾಗಿ ಪ್ರವಾದಿ(ಸ)ರು ಜನರಿಂದ ಸದಖಾ ಕೇಳಿದರು. ಅದೂ ಸಾಲದಾದಾಗ ಸಾಲ ಕೊಟ್ಟವರಿಗೆ, ಇರುವುದನ್ನು ತೆಗೆದುಕೊಳ್ಳಿ, ಅದಕ್ಕಿಂತ ಹೆಚ್ಚಿಲ್ಲವೆಂದು ತಿಳಿಸಿದರು.

ನಮ್ಮ ದೇಶದ ಕಾನೂನಿನಲ್ಲೂ ಇಂಥ ಒಂದು ಗೆರೆ ಇದೆ. ಸಂಹಿತೆಯ 60ನೇ ಕಲಮಿನ ಪ್ರಕಾರ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣಗಳನ್ನು ಜಪ್ತಿ ಮಾಡುವಂತಿಲ್ಲ. ಕೂಲಿಕಾರರ ಮತ್ತು ಮನೆಗೆಲಸದವರ ಕೂಲಿಯನ್ನು ಮುಟ್ಟುವಂತಿಲ್ಲ. ಪಿಂಚಣಿ ಹಾಗೂ ಭವಿಷ್ಯನಿಧಿಗೆ ರಕ್ಷಣೆ ಇದೆ. ನಿವೃತ್ತಿಯ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟ ಮಾತ್ರಕ್ಕೆ ಆ ರಕ್ಷಣೆ ಹೋಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪ್ರಕರಣವೊಂದರಲ್ಲಿ ಹೇಳಿದೆ.

ಸಂಬಳದ ಲೆಕ್ಕ ಹೀಗಿದೆ. ಜೀವನಾಂಶದ ಡಿಕ್ರಿಯನ್ನು ಬಿಟ್ಟು ಉಳಿದ ಡಿಕ್ರಿಗಳಲ್ಲಿ, ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಭಾಗ ಜಪ್ತಿಗೆ ಸಿಗುವುದಿಲ್ಲ. 31,000 ರೂಪಾಯಿ ಸಂಬಳವಿದ್ದರೆ 21,000 ಸುರಕ್ಷಿತ, ಹೆಚ್ಚೆಂದರೆ 10,000 ಹೋಗಬಹುದು. ಅದೂ ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಮಾತ್ರ. ಆದರೆ ಬ್ಯಾಂಕು ತಾನಾಗಿ ಈ ಲೆಕ್ಕ ಹಾಕಿ ಬಿಟ್ಟುಕೊಡುವುದಿಲ್ಲ. ಖಾತೆಗೆ ಬಂದದ್ದು ಸಂಬಳ, ಪಿಂಚಣಿ ಅಥವಾ ಕೂಲಿ ಎಂದು ಪೇಸ್ಲಿಪ್ಪು ಮತ್ತು ಪಾಸ್‌ಬುಕ್ಕಿನೊಂದಿಗೆ ಜಾರಿ ನ್ಯಾಯಾಲಯಕ್ಕೆ ಅರ್ಜಿ ಹಾಕಿ ನಾವೇ ಕೇಳಬೇಕು.

'ಜೈಲಿಗೆ ಹಾಕುತ್ತಾರಂತೆ' ಎಂಬ ಭಯವೂ ಇದೆ. ಹಣದ ಡಿಕ್ರಿಗಾಗಿ ಮಹಿಳೆಯರನ್ನು ಬಂಧಿಸುವಂತೆಯೇ ಇಲ್ಲ. ಪುರುಷರ ವಿಷಯದಲ್ಲಿ, 1980ರ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು, ಬರೇ ಬಡತನದಿಂದ ಕೊಡಲಾಗದವನನ್ನು ಸೆರೆಗೆ ಹಾಕುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧವೆಂದು ಸ್ಪಷ್ಟಪಡಿಸಿದರು. ಇದ್ದೂ ಕೊಡದೆ ಮೋಸ ಮಾಡುವವನಿಗೆ ಮಾತ್ರ ಸೆರೆಯ ಭಯ. ಇನ್ನು ಸಾಲ ವಸೂಲಿಗೆಂದು ಮನೆ ಬಾಗಿಲಿಗೆ ಬಂದು ಹೆಂಗಸರನ್ನು ಬೆದರಿಸುವವರು ನ್ಯಾಯಾಲಯದವರಲ್ಲ. ಕಿರುಸಾಲದ ಹೆಸರಿನಲ್ಲಿ ನಡೆಯುವ ಅಂಥ ದಬ್ಬಾಳಿಕೆಯ ವಿರುದ್ಧ ನಮ್ಮ ರಾಜ್ಯ 2025ರಲ್ಲಿ ಪ್ರತ್ಯೇಕ ಕಾನೂನನ್ನೇ ತಂದಿದೆ.

ರಾಜಿಯ ದಾರಿಯೂ ತೆರೆದಿದೆ. ಕಅಬ್ ಬಿನ್ ಮಾಲಿಕ್(ರ) ಮತ್ತು ಇಬ್ನು ಅಬೀ ಹದ್ರದ್(ರ) ಮಸೀದಿಯಲ್ಲೇ ಸಾಲದ ವಿಷಯಕ್ಕೆ ದನಿ ಏರಿಸಿದರು. ಪ್ರವಾದಿ(ಸ)ರು ಕೋಣೆಯ ಪರದೆ ಸರಿಸಿ, ಅರ್ಧ ಬಿಟ್ಟುಬಿಡಿ ಎಂದು ಕಅಬ್‌ರಿಗೆ ಸನ್ನೆ ಮಾಡಿದರು. ಅವರು ಒಪ್ಪಿದೊಡನೆ, ಎದ್ದು ಉಳಿದರ್ಧ ತೀರಿಸುವಂತೆ ಇನ್ನೊಬ್ಬರಿಗೆ ಹೇಳಿದರು. ಇಬ್ಬರಿಗೂ ಒಂದೊಂದು ಹೊಣೆ. ಇಂದು ಲೋಕ ಅದಾಲತ್ತಿನಲ್ಲಿ ಆಗುವುದೂ ಹೆಚ್ಚುಕಡಿಮೆ ಹೀಗೆಯೇ. ಆದರೆ ಒಂದು ಎಚ್ಚರಿಕೆ: ಅಲ್ಲಿ ಆದ ರಾಜಿಗೆ ಡಿಕ್ರಿಯಷ್ಟೇ ಬಲವಿದೆ, ಅದರ ಮೇಲೆ ಅಪೀಲು ಇಲ್ಲ. ಕಟ್ಟಲಾಗದ ಕಂತಿಗೆ ಸಂಕೋಚದಿಂದ ತಲೆಯಾಡಿಸಿದರೆ ಮತ್ತೆ ಅದೇ ಜಪ್ತಿ ಬರುತ್ತದೆ.

ವಕೀಲರಿಗೆ ಕೊಡಲು ಹಣವಿಲ್ಲವೇ? 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಾಗೂ ಕೈಗಾರಿಕಾ ಕಾರ್ಮಿಕರಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಪೀಣ್ಯದಲ್ಲಿ ಕೆಲಸ ಮಾಡುವವರು 'ಕೈಗಾರಿಕಾ ಕಾರ್ಮಿಕ' ಎಂಬ ಪದವನ್ನು ಗಮನಿಸಬೇಕು. 15100 ಸಂಖ್ಯೆಗೆ ಕರೆ ಮಾಡಬಹುದು. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ರಾಜ್ಯ ಕಾನೂನು ಸೇವಾ ಪ್ರಾಧಿಕಾರವಿದೆ.

ಮೂರು: 'ಅಂದೇ ತೀರಿಸಿದ್ದೇನೆ'

ಅತ್ಯಂತ ನೋವಿನ ಪರಿಸ್ಥಿತಿ ಇದು. ತಡೆಯಲು ಅತ್ಯಂತ ಸುಲಭವಾಗಿದ್ದ ಪರಿಸ್ಥಿತಿಯೂ ಹೌದು. ಡಿಕ್ರಿಯಾದ ಮೇಲೆ ಹಿರಿಯರು ನಾಲ್ಕು ಜನ ಕೂತು ಮಾತಾಡುತ್ತಾರೆ. ಒಂದು ಮೊತ್ತ ನಿಗದಿಯಾಗುತ್ತದೆ. ನಗದು ಎಣಿಸಿ ಕೊಡುತ್ತಾರೆ, ಚಹಾ ಕುಡಿದು ಸಲಾಮ್ ಹೇಳಿ ಏಳುತ್ತಾರೆ. ನ್ಯಾಯಾಲಯಕ್ಕೆ ಯಾರೂ ಹೇಳುವುದಿಲ್ಲ. ಹತ್ತು ವರ್ಷದ ನಂತರ ಕೊಟ್ಟವನ ಮಗನೋ ಪಾಲುದಾರನೋ ಅದೇ ಡಿಕ್ರಿ ಹಿಡಿದು ಬರುತ್ತಾನೆ. ಅಂದು ಕೂತಿದ್ದ ಹಿರಿಯರಲ್ಲಿ ಇಬ್ಬರು ತೀರಿಹೋಗಿರುತ್ತಾರೆ.

ಕಾನೂನು ಇಲ್ಲಿ ಬಹಳ ಕಟ್ಟುನಿಟ್ಟು. 21ನೇ ಆದೇಶದ 2ನೇ ನಿಯಮದ ಪ್ರಕಾರ, ನ್ಯಾಯಾಲಯದ ಹೊರಗೆ ಕೊಟ್ಟ ಹಣವನ್ನು ನ್ಯಾಯಾಲಯದಲ್ಲಿ ದಾಖಲಿಸಲೇಬೇಕು. ದಾಖಲಾಗದ ಪಾವತಿಯನ್ನು ಜಾರಿ ನ್ಯಾಯಾಲಯ ಒಪ್ಪುವುದಿಲ್ಲ. ಸಾಲ ಪಡೆದವನೂ ಪಾವತಿಯಾದ 30 ದಿನದೊಳಗೆ ದಾಖಲಿಸುವಂತೆ ಅರ್ಜಿ ಹಾಕಬಹುದು. ಆಗ ಬ್ಯಾಂಕ್ ಮೂಲಕ ಅಥವಾ ಬರವಣಿಗೆಯ ಪುರಾವೆಯೊಂದಿಗೆ ಕೊಟ್ಟಿದ್ದು ಕಾಣಬೇಕು, ಇಲ್ಲವೇ ಪಡೆದವನು ಒಪ್ಪಿಕೊಳ್ಳಬೇಕು. ಹಣವನ್ನು ನ್ಯಾಯಾಲಯಕ್ಕೇ ಕಟ್ಟುವುದು ಎಲ್ಲಕ್ಕಿಂತ ಸುರಕ್ಷಿತ.

ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ಯಾವುದರ ಬಗ್ಗೆ ಎಂದು ಮಕ್ಕಳನ್ನು ಕೇಳಿದರೂ ಹೇಳುತ್ತಾರೆ: ಅಲ್‌ಬಖರಾದ 282, ಸಾಲವನ್ನು ಬರೆದಿಡುವ ಬಗ್ಗೆ. ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬೇಡಿ ಎಂಬ ತಾಕೀತು ಅದರಲ್ಲಿದೆ. ಬರೆಯುವುದು ಅಪನಂಬಿಕೆಯ ಗುರುತಲ್ಲ, ಸಂಶಯ ಹುಟ್ಟದಂತೆ ಮಾಡುವ ದಾರಿ ಎಂಬುದು ಅದರ ಆಶಯ. ನಾವು ಕೊಡುವಾಗ ಅಷ್ಟಿಷ್ಟು ಬರೆಯುತ್ತೇವೆ, ತೀರಿಸುವಾಗ ಬರೆಯುವುದೇ ಇಲ್ಲ. 'ನಮ್ಮವರಲ್ಲವೇ, ರಸೀದಿ ಕೇಳಿದರೆ ಬೇಸರ ಮಾಡಿಕೊಳ್ಳುತ್ತಾರೆ' ಎಂಬ ಒಂದು ದಿನದ ಸಂಕೋಚಕ್ಕೆ ಎರಡು ಮನೆಗಳು ವರ್ಷಗಟ್ಟಲೆ ಮುಖ ತಿರುಗಿಸಿಕೊಂಡು ಇರಬೇಕಾಗುತ್ತದೆ.

ಈಗಾಗಲೇ ಈ ಸಂಕಟದಲ್ಲಿರುವವರು ಹಳೆಯ ಬ್ಯಾಂಕ್ ಸ್ಟೇಟ್‌ಮೆಂಟು, ಚೆಕ್ಕಿನ ವಿವರ, ಸಹಿಯಿದ್ದ ಚೀಟಿ ಏನೇ ಇದ್ದರೂ ತೆಗೆದು ವಕೀಲರಿಗೆ ತೋರಿಸಲಿ. ಅಂದು ಹಣ ಪಡೆದ ಸಹೋದರ ಈ ಮಾತು ಕೇಳುತ್ತಿದ್ದರೆ, ಅವರು ನ್ಯಾಯಾಲಯಕ್ಕೆ ಹೋಗಿ 'ನನಗೆ ಬಂದಿದೆ' ಎಂದು ಒಂದು ಮಾತು ಹೇಳಲಿ. ಆ ಒಂದು ಮಾತಿನಿಂದ ಒಂದು ಮನೆಯ ಒಲೆ ಉರಿಯುತ್ತದೆ. ಗೊತ್ತಿದ್ದೂ ಹೇಳದಿರುವುದು ಸಾಕ್ಷ್ಯವನ್ನು ಬಚ್ಚಿಡುವುದು.

ನಾಲ್ಕು: 'ಇದು ನನ್ನ ಸಾಲವೇ ಅಲ್ಲ'

ಇದರಲ್ಲೂ ಹಲವು ಬಗೆ ಇದೆ. ಮೊದಲನೆಯದು ಹೆಸರಿನ ಗೊಂದಲ. ಒಂದೇ ಹೆಸರಿನ ನಾಲ್ಕು ಜನ ಇಂದು ನಮ್ಮ ಒಂದೇ ಸಫ್‌ನಲ್ಲಿ ನಿಂತಿರಬಹುದು. ತಂದೆಯ ಹೆಸರು, ಪ್ಯಾನ್, ವಿಳಾಸ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಜಾರಿ ನ್ಯಾಯಾಲಯದಲ್ಲಿ ಆಕ್ಷೇಪಣೆ ಸಲ್ಲಿಸಬಹುದು. ಗಂಡನ ಸಾಲಕ್ಕೆ ಜಂಟಿ ಖಾತೆ ನಿಂತು, ಅದರಲ್ಲಿ ಹೆಂಡತಿ ಹೊಲಿಗೆಯಿಂದ ದುಡಿದ ಹಣವಿದ್ದರೆ, ಆಕೆ 58ನೇ ನಿಯಮದಡಿ ತನ್ನ ಹಕ್ಕು ಹೇಳಿಕೊಳ್ಳಬಹುದು.

ಎರಡನೆಯದು, ಸಮನ್ಸೇ ತಲುಪದೆ ಆದ ಏಕಪಕ್ಷೀಯ ಡಿಕ್ರಿ. ಅದನ್ನು ರದ್ದು ಮಾಡಿಸಲು 9ನೇ ಆದೇಶದ 13ನೇ ನಿಯಮದಡಿ ಅರ್ಜಿ ಹಾಕಬಹುದು. ಸಮನ್ಸು ಸರಿಯಾಗಿ ಜಾರಿಯಾಗದಿದ್ದರೆ, ಡಿಕ್ರಿಯ ವಿಷಯ ಗೊತ್ತಾದ ದಿನದಿಂದ 30 ದಿನ ಅವಕಾಶ. ಬ್ಯಾಂಕಿನ ಸಂದೇಶ ಬಂದ ದಿನವೇ ಗೊತ್ತಾದ ದಿನವಾಗಬಹುದು. 'ಹಬ್ಬ ಮುಗಿಯಲಿ, ಊರಿಗೆ ಹೋಗಿ ಬಂದು ನೋಡೋಣ' ಎಂದರೆ ಅವಧಿ ಮುಗಿದಿರುತ್ತದೆ. ಅಲ್ಲದೆ ಡಿಕ್ರಿಯಾಗಿ ಎರಡು ವರ್ಷ ಕಳೆದ ಮೇಲೆ ಜಾರಿಗೆ ಬಂದರೆ ಸಾಮಾನ್ಯವಾಗಿ ಮೊದಲು ನಮಗೆ ನೋಟಿಸು ಬರಬೇಕು. ಬಂದಿತ್ತೇ ಎಂದು ಕಡತ ನೋಡಿಸಬೇಕು. ಡಿಕ್ರಿ ರದ್ದಾದರೆ ಸಾಲ ರದ್ದಾದಂತೆ ಅಲ್ಲ. ನಮ್ಮ ಮಾತನ್ನೂ ಕೇಳಿ ಮತ್ತೆ ವಿಚಾರಣೆ ನಡೆಯುತ್ತದೆ, ಅಷ್ಟೇ.

ಮೂರನೆಯದು ಜಾಮೀನು. 'ಬರೇ ಸಹಿ ಹಾಕಿದ್ದೆ, ಹಣ ಮುಟ್ಟಿಲ್ಲ' ಎನ್ನುತ್ತಾರೆ. ಕರಾರು ಕಾಯ್ದೆಯ 128ನೇ ಕಲಮಿನಂತೆ, ಬೇರೆ ಷರತ್ತಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಶರೀಅತ್ತಿನಲ್ಲೂ ಜಾಮೀನು ಬರೇ ಸಹಿಯಲ್ಲ. ಸಾಲವಿದ್ದು ತೀರಿಸಲು ಏನನ್ನೂ ಬಿಟ್ಟುಹೋಗದ ಒಬ್ಬರ ಜನಾಝಾ ನಮಾಝ್ ಮಾಡಿಸಲು ಪ್ರವಾದಿ(ಸ)ರು ಮುಂದೆ ಬರಲಿಲ್ಲ. ಅಬೂ ಖತಾದಾ(ರ) ಆ ಸಾಲದ ಹೊಣೆ ತಾನು ಹೊರುವೆನೆಂದ ನಂತರವೇ ನಮಾಝ್ ಮಾಡಿಸಿದರು. ಗೆಳೆತನದ ಮುಲಾಜಿಗೆ ಸಹಿ ಹಾಕುವ ಮೊದಲು, ಅವನು ಕೊಡದಿದ್ದರೆ ನಾನು ಕೊಡಬಲ್ಲೆನೇ ಎಂದು ಕೇಳಿಕೊಳ್ಳೋಣ.

ನಾಲ್ಕನೆಯದು ತಂದೆಯ ಸಾಲ. ಕಾನೂನಿನಲ್ಲಿ ವಾರಸುದಾರರ ಹೊಣೆ ತಂದೆಯಿಂದ ಕೈಗೆ ಬಂದ ಆಸ್ತಿಯಷ್ಟಕ್ಕೆ ಮಾತ್ರ. ಮಗನ ಸ್ವಂತ ಸಂಬಳಕ್ಕಲ್ಲ. ಅನ್ನಿಸಾ ಅಧ್ಯಾಯದ 11 ಮತ್ತು 12ನೇ ಸೂಕ್ತಗಳಲ್ಲಿ ಪಾಲು ಹಂಚುವ ಮೊದಲು ಸಾಲ ಮತ್ತು ವಸಿಯ್ಯತ್ ತೀರಬೇಕೆಂದು ಮತ್ತೆ ಮತ್ತೆ ಹೇಳಲಾಗಿದೆ. ಸಾಲ ತೀರಿಸದೆ ಹಂಚಿಕೊಂಡ ಮನೆಯಲ್ಲಿ ಬೇರೆಯವರ ಹಣವೂ ಸೇರಿರುತ್ತದೆ. ಜನಾಝಾದ ಮುಂದೆ 'ಮರಹೂಮರಿಂದ ಯಾರಿಗಾದರೂ ಬರಬೇಕಾದದ್ದಿದ್ದರೆ ಮನೆಯವರನ್ನು ಕಾಣಿ' ಎಂದು ಸಾರುವ ಪದ್ಧತಿ ನಮ್ಮಲ್ಲಿದೆ. ಸಾರುವುದರ ಜೊತೆ ಅವರ ಹೆಸರಿನಲ್ಲಿ ಕೇಸು ಇದೆಯೇ ಎಂದೂ ಮಕ್ಕಳು ನೋಡಬೇಕು.

ಹಣ ಬರಬೇಕಾದವರಿಗೆ

ನಮ್ಮಲ್ಲಿ ಸಾಲ ಕೊಡಬೇಕಾದವರು ಮಾತ್ರವಲ್ಲ, ಹಣ ಬರಬೇಕಾದವರೂ ಇದ್ದಾರೆ. ಲೇತ್ ಇಟ್ಟುಕೊಂಡು ಜಾಬ್‌ವರ್ಕ್ ಮಾಡುವವನಿಗೆ ದೊಡ್ಡ ಕಂಪನಿ ಬಿಲ್ ಬಾಕಿ ಇಡುತ್ತದೆ. 2006ರ ಎಂಎಸ್‌ಎಂಇ ಕಾಯ್ದೆ ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಸಿಗಬೇಕೆಂದು ಹೇಳಿದರೂ ಅಲೆಯುವುದು ತಪ್ಪುವುದಿಲ್ಲ. ತನ್ನ ಬೆವರಿನ ಹಣಕ್ಕಾಗಿ ನ್ಯಾಯಾಲಯಕ್ಕೆ ಹೋಗುವುದರಲ್ಲಿ ತಪ್ಪಿಲ್ಲ. ಆದರೆ ಎದುರಿನವನು ನಿಜವಾಗಿ ಸೋತವನಾದರೆ ಸಮಯ ಕೊಡಿ. ಬಡ್ಡಿ ನಮಗೆ ನಿಷಿದ್ಧ. ಡಿಕ್ರಿಯಲ್ಲಿ ಬರೆದಿದ್ದರೂ ನಮ್ಮ ಪಾಲಿಗೆ ಅಸಲು ಸಾಕು. ಹಣ ಪೂರ್ತಿ ಬಂದ ದಿನವೇ ನ್ಯಾಯಾಲಯಕ್ಕೆ 'ಡಿಕ್ರಿ ತೀರಿದೆ' ಎಂಬ ಮೆಮೊ ಕೊಡಿ. ಅದು ಉಪಕಾರವಲ್ಲ, ಕೊಟ್ಟವನ ಹಕ್ಕು.

ಅಮಾನತಿನ ಹಣ ಬೇರೆ ಇಡಿ

ಇನ್ನೊಂದು ಮಾತನ್ನು ಜಮಾಅತ್ ಕಮಿಟಿಗಳು ಗಮನವಿಟ್ಟು ಕೇಳಬೇಕು. ಇಫ್ತಾರ್ ಚಂದಾ, ಯಾರದೋ ಆಪರೇಷನ್ನಿಗೆ ಎತ್ತಿದ ಹಣ, ಝಕಾತ್, ಮಹಲ್ಲಾದ ಚೀಟಿ ದುಡ್ಡು, ಎಲ್ಲವನ್ನೂ ಒಬ್ಬರ ಸ್ವಂತ ಯುಪಿಐ ನಂಬರಿಗೆ ಹಾಕಿಸುವುದು ರೂಢಿಯಾಗಿದೆ. ಆತ ಎಷ್ಟೇ ನಂಬಿಗಸ್ತನಿರಲಿ, ಆತನ ಹೆಸರಿನಲ್ಲಿ ಹಳೆಯ ಡಿಕ್ರಿಯೊಂದಿದ್ದರೆ ಬಡವರ ಹಣವೂ ಜೊತೆಯಲ್ಲೇ ನಿಲ್ಲುತ್ತದೆ. ಯಾರದು ಎಷ್ಟು ಎಂದು ನ್ಯಾಯಾಲಯದಲ್ಲಿ ಬಿಡಿಸಿ ತೋರಿಸುವಷ್ಟರಲ್ಲಿ ಆಪರೇಷನ್ನಿನ ದಿನ ಕಳೆದಿರುತ್ತದೆ. ಸಂಸ್ಥೆಯ ಹೆಸರಿನಲ್ಲಿ ಪ್ರತ್ಯೇಕ ಖಾತೆ, ಎರಡು ಸಹಿ, ತಿಂಗಳ ಲೆಕ್ಕ ಇಷ್ಟು ಇರಲೇಬೇಕು.

ಅತ್ತೌಬಾ ಅಧ್ಯಾಯದ 60ನೇ ಸೂಕ್ತದಲ್ಲಿ ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಸಿಕ್ಕವರೂ ಇದ್ದಾರೆ. ನಮ್ಮ ಝಕಾತ್ ಪಟ್ಟಿಯಲ್ಲಿ ವಿಧವೆಯರು, ಅನಾಥರು, ವಿದ್ಯಾರ್ಥಿಗಳು ಇರುತ್ತಾರೆ. ಸಾಲಗಾರರು ಕಾಣುವುದಿಲ್ಲ, ಏಕೆಂದರೆ ಅವರು ಕೇಳಿಕೊಂಡು ಬರುವುದಿಲ್ಲ. ಯೋಗ್ಯ ಅಗತ್ಯಕ್ಕೆ ಸಾಲ ಮಾಡಿ ಸೋತವರನ್ನು ಗುಟ್ಟಾಗಿ ಗುರುತಿಸಿ, ಲೋಕ ಅದಾಲತ್ತಿನಲ್ಲಿ ಮೊತ್ತ ಇಳಿದಾಗ ಆ ಕಂತನ್ನು ನೇರವಾಗಿ ನ್ಯಾಯಾಲಯಕ್ಕೆ ಕಟ್ಟಬಹುದು. ಕಾನೂನು ಬಲ್ಲ ಇಬ್ಬರು ಯುವಕರು ವಾರಕ್ಕೊಂದು ದಿನ ನಮಾಝ್ ಮುಗಿದ ಮೇಲೆ ಅರ್ಧ ಗಂಟೆ ಕೂತು ಕಾಗದ ಓದಿ ಹೇಳಿದರೂ ಸಾಕು, ಎಷ್ಟೋ ಮನೆಗಳಿಗೆ ಆ 30 ದಿನ ಉಳಿಯುತ್ತದೆ. ಯಾರ ಧರ್ಮ ಯಾವುದೆಂದು ಕೇಳುವುದು ಬೇಡ. ಪಕ್ಕದ ಶೆಡ್ಡಿನಲ್ಲಿ ಕೆಲಸ ಮಾಡುವವನಿಗೂ ಇದೇ ಸಂಕಟ ಬಂದಿರಬಹುದು.

ಕೊನೆಯದಾಗಿ ಪ್ರತಿಯೊಬ್ಬರೂ ಈ ವಾರ ಮಾಡಬಹುದಾದ ಒಂದು ಕೆಲಸ. ಒಂದು ಹಾಳೆ ತೆಗೆದುಕೊಂಡು, ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು, ಎಲ್ಲಿ ಜಾಮೀನು ಸಹಿ ಹಾಕಿದ್ದೇವೆ, ಯಾವ ಸಾಲ ತೀರಿಸಿ ರಸೀದಿ ಪಡೆದಿಲ್ಲ ಎಂದು ಬರೆಯಿರಿ. ತಾರೀಖು ಹಾಕಿ ಮನೆಯವರಿಗೆ ತೋರಿಸಿ. ವಸಿಯ್ಯತ್ ಬರೆದಿಡದೆ ಎರಡು ರಾತ್ರಿ ಕಳೆಯಬಾರದೆಂದು ಪ್ರವಾದಿ(ಸ)ರು ಕಲಿಸಿದ ಸಮುದಾಯ ನಮ್ಮದು. ಸಂಬಳದ ಖಾತೆ ನಿಂತರೆ ಒಂದು ತಿಂಗಳ ಕಷ್ಟ. ಬೇರೆಯವರ ಹಕ್ಕನ್ನು ಕೊರಳಿಗೆ ಕಟ್ಟಿಕೊಂಡು ಅಲ್ಲಾಹನ ಮುಂದೆ ನಿಂತರೆ ಅಲ್ಲಿ ಕಂತಿಲ್ಲ, ಅಪೀಲಿಲ್ಲ.

ಅಲ್ಲಾಹನು ಸಾಲದ ಭಾರದಿಂದ ನಮ್ಮನ್ನು ಕಾಪಾಡಲಿ. ಕೊಡಬೇಕಾದವರಿಗೆ ಕೊಡುವ ಶಕ್ತಿಯನ್ನೂ ಬರಬೇಕಾದವರಿಗೆ ಕಾಯುವ ಮನಸ್ಸನ್ನೂ ನೀಡಲಿ. ಸಾಲ ಉಳಿಸಿ ಹೋದ ನಮ್ಮ ಹಿರಿಯರ ಹೊಣೆಯನ್ನು ಹಗುರಗೊಳಿಸಲಿ. ಆಮೀನ್.